ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಸಂಬಳ ಕೊಟ್ರೆ ಊರವ್ರು ಬೈತಾರಂತೆ, ಏನ್ ಮಾಡ್ಲಿ?

ಕಣದ ಕಾಗೆ
ಎಲ್ರಿಗೂ ನಮಸ್ಕಾರ. ಮೂಡಿಗೆರೆ ಕಡೆ ನಮ್ದು 22 ಎಕರೆ ಕಾಫಿ ತೋಟ, ಜಾಸ್ತಿ ರೋಬಸ್ಟಾ, ಗುಡ್ಡದ ಕಡೆ ಒಂಚೂರು ಅರೇಬಿಕಾ, ನೆರಳು ಮರಕ್ಕೆಲ್ಲ ಮೆಣಸು. ಎಂಟು ವರ್ಷ ಬೆಂಗ್ಳೂರಲ್ಲಿ ಕಂಪ್ಯೂಟರ್ ಕುಟ್ಕೊಂಡಿದ್ದೆ, ಅಪ್ಪಂಗೆ ಮಂಡಿ ಕೈಕೊಡ್ತು ಅಂತ ಹೋದ ವರ್ಷ ವಾಪಸ್ ಬಂದೆ. ಖಾಯಂ ಆಳು ಹನ್ನೊಂದು ಜನ, ಕುಯ್ಲಿಗೆ ಮೂವತ್ತು ದಾಟುತ್ತೆ, ಅದ್ರಲ್ಲಿ ಅಸ್ಸಾಂ ಕಡೆಯ ಮೂರು ಸಂಸಾರ ಲೈನ್‌ಮನೇಲೇ (ಆಳುಗಳಿಗೆ ಅಂತ ತೋಟದಲ್ಲಿ ಸಾಲಾಗಿ ಕಟ್ಟಿರೋ ಮನೆ) ಇದಾರೆ.

ವಿಷ್ಯ ಏನಂದ್ರೆ ಹೋದ ಶನಿವಾರ ಬಟವಾಡೆ ಮಾಡ್ತಾ ಕೂತಿದ್ದೆ. ನಮ್ಮಲ್ಲಿ ಗಂಡಾಳಿಗೆ 600, ಹೆಣ್ಣಾಳಿಗೆ 420. ಯಾಕೆ ಅಂತ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ. ಇಪ್ಪತ್ತು ವರ್ಷದಿಂದ ನಮ್ಮಲ್ಲೇ ಇರೋ ಒಬ್ರು ಅಕ್ಕ ದುಡ್ಡು ಎಣಿಸ್ಕೊಂಡು ಅಲ್ಲೇ ನಿಂತ್ರು. "ಸಣ್ಣಯ್ಯ, ಅವ್ನು ಗೊಬ್ರದ ಚೀಲ ಪಿಕಪ್‌ನಿಂದ ಇಳ್ಸಿದ. ಅದೇ ಗೊಬ್ರನ ನಾನು ಬುಟ್ಟೀಲಿ ಹೊತ್ಕೊಂಡು ಗುಡ್ಡ ಹತ್ತಿದೆ. ಇಳ್ಸೋದಕ್ಕಿಂತ ಹತ್ಸೋದು ಸುಲಭನಾ?" ಅಂದ್ರು. ಸಿಟ್ಟೇನಿಲ್ಲ, ನಗ್ತಾನೇ ಕೇಳಿದ್ದು. ನಂಗೆ ಬಾಯೇ ಬರ್ಲಿಲ್ಲ.

ಮುಂದಿನ ತಿಂಗಳಿಂದ ಇಬ್ರಿಗೂ ಒಂದೇ ಮಾಡ್ತೀನಿ ಅಂತ ಮನೇಲಿ ಹೇಳ್ದೆ. ಅದು ಹೆಂಗೋ ಊರಿಗೆಲ್ಲ ಗೊತ್ತಾಗಿ ಅಕ್ಕಪಕ್ಕದ ತೋಟದೋರು ಮೂರು ಜನ ಮನೆಗೇ ಬಂದು, ಕಾಫಿ ಕುಡ್ದು, "ರೇಟ್ ಕೆಡಿಸ್ಬೇಡ ಮಾರಾಯ" ಅಂತ ಹೇಳಿ ಹೋದ್ರು. ಯಾರಾದ್ರೂ ಹಿಂಗೆ ಮಾಡಿದೀರಾ? ಸಂಬಳ ಒಂದೇ ಅಲ್ಲ, ಇನ್ನೂ ಏನೇನು ಸರಿ ಮಾಡ್ಬೇಕು ಅಂತಾನೂ ಹೇಳಿ. ಆಫೀಸಲ್ಲಿದ್ದಾಗ ವರ್ಷಕ್ಕೊಂದ್ಸಲ ಡೈವರ್ಸಿಟಿ ಟ್ರೈನಿಂಗ್ ಅಂತ ವಿಡಿಯೋ ನೋಡಿ ಹತ್ತು ಪ್ರಶ್ನೆಗೆ ಟಿಕ್ ಹಾಕಿ ಮುಗಿಸ್ತಿದ್ವಿ. ಇಲ್ಲಿ ಟಿಕ್ ಹಾಕೋಕೆ ಜಾಗಾನೇ ಕಾಣ್ತಿಲ್ಲ.

ಮರಗಸಿ ಮಾಮ
ತಮ್ಮಾ, ಸಕಲೇಶಪುರದಲ್ಲಿ ನಲ್ವತ್ತು ವರ್ಷದಿಂದ ತೋಟ ಮಾಡ್ತಿದೀನಿ. ಕಾಫಿಗೆ ರೇಟ್ ಬಂದಿದೆ ಅಂತ ಈಗ ಎಲ್ರಿಗೂ ಕರ್ಣನ ಕೈ. ನಾವು ಮೂಟೆ ಕೇಳೋರಿಲ್ಲದೆ ಕೂತಿದ್ದ ವರ್ಷಗಳೂ ಇದ್ವು, ಆಗ ನೀನು ಸ್ಕೂಲಲ್ಲಿದ್ದೆ ಅನ್ಸುತ್ತೆ. ಒಂದ್ಸಲ ಏರ್ಸಿದ ಸಂಬಳ ಇಳ್ಸೋಕಾಗಲ್ಲ, ನೆನಪಿಟ್ಕೋ. ಇನ್ನೊಂದು, ಮರಗಸಿಗೆ, ಅಂದ್ರೆ ನೆರಳು ಮರದ ಕೊಂಬೆ ಕಡಿಯೋಕೆ, ಸಿಲ್ವರ್ ಮರ ಹತ್ತೋನು ಜೀವ ಕೈಲಿ ಹಿಡ್ಕೊಂಡು ಹತ್ತೋದು. ಕೆಳಗೆ ಚಿಗುರು ತೆಗೆಯೋರಿಗೂ ಅವ್ನಿಗೂ ಒಂದೇ ಕೂಲಿ ಅಂದ್ರೆ ನಾಳೆ ಅವ್ನು ಮರದ ಹತ್ರಾನೂ ಬರಲ್ಲ.

ತೀರ್ಥಳ್ಳಿ ಕೊನೆ
ಮಾಮ ಹೇಳಿದ್ದು ಅರ್ಧ ಸರಿ. ಮರ ಹತ್ತೋನಿಗೆ ಜಾಸ್ತಿ ಕೊಡಿ, ಯಾರು ಬೇಡ ಅಂದ್ರು? ಆದ್ರೆ ಮರಗಸಿ ವರ್ಷದಲ್ಲಿ ಎಷ್ಟು ದಿನ ಇರುತ್ತೆ? ಮಿಕ್ಕ ದಿನ ಅವ್ನೂ ಗುಂಡಿ ತೆಗೀತಾನೆ, ಗೊಬ್ರ ಹಾಕ್ತಾನೆ, ಬೇಲಿ ಕಟ್ತಾನೆ. ಆಗ್ಲೂ ಅವ್ನಿಗೆ ಮರ ಹತ್ತೋ ರೇಟೇ ಯಾಕೆ? ಕೆಲ್ಸಕ್ಕೆ ರೇಟ್ ಕಟ್ಟಿ, ಆಳಿಗಲ್ಲ. ನಮ್ಮ ಅಡಿಕೆ ಸುಲಿಯೋ ಕೊಟ್ಟಿಗೇಲಿ ಕೇಜಿ ಲೆಕ್ಕ. ಮೆಟ್ಟುಗತ್ತಿ ಮುಂದೆ ಕೂತ್ಮೇಲೆ ಗಂಡು ಹೆಣ್ಣು ಅಂತಿಲ್ಲ. ಹಂಗೆ ನೋಡಿದ್ರೆ ಹೆಂಗಸ್ರು ಎರಡು ಡಬ್ಬ ಮುಗಿಸಿದ್ರೆ ನಮ್ಮ ಹುಡುಗ್ರು ಒಂದಕ್ಕೇ ಎಲೆಅಡಿಕೆ ಹಾಕೋಕೆ ಎದ್ದು ಹೋಗಿರ್ತಾರೆ.

ಕಣದ ಕಾಗೆ
ಹೌದಲ್ವಾ! ಕಾಫಿ ಹಣ್ಣು ಕುಯ್ಯೋದೂ ನಮ್ಮಲ್ಲಿ ಕೇಜಿ ಲೆಕ್ಕವೇ, ಆಗ ಒಂದೇ ರೇಟ್. ಕುಯ್ಲಿನ ಟೈಮಲ್ಲಿ ಆ ಅಕ್ಕ ಎಲ್ಲಾ ಗಂಡಸ್ರಿಗಿಂತ ಜಾಸ್ತಿ ತಗೊಂಡು ಹೋಗ್ತಾರೆ. ಕುಯ್ಲು ಮುಗಿದ ಮಾರನೇ ದಿನ ಮತ್ತೆ 420. ನಾನು ಇದನ್ನ ಹಿಂಗೆ ಯೋಚ್ನೆನೇ ಮಾಡಿರ್ಲಿಲ್ಲ.

ಸುಮ್ನೆ ಓದ್ತೀನಿ
ಕೇಜಿ ಲೆಕ್ಕದಲ್ಲಿ ಹಸಿಕಾಯಿನೂ ಕಿತ್ತು ಹಾಕ್ತಾರೆ, ಅದಕ್ಕೇನ್ ಮಾಡ್ತೀರಾ?

ಮರಗಸಿ ಮಾಮ
ಹಾಕ್ತಾರೆ ಮತ್ತೆ. ಸಂಜೆ ತೂಕಕ್ಕೆ ಮುಂಚೆ ಚೀಲ ಸುರ್ಸಿ ನೋಡ್ಬೇಕು. ಹಾಜರಿ, ತೂಕ ಬರೆಯೋ ರೈಟರ್ ಸೋಮಾರಿ ಆಗಿದ್ರೆ ಹಣ್ಣಿನ ಸಿಪ್ಪೆ ಬಿಡಿಸೋ ನಿನ್ ಪಲ್ಪರ್ ಕತೆ ಮುಗೀತು.

ಬಿಳಿಜೋಳ
ನೀವು ಹೆಣ್ಣಾಳಿಗೆ ಕಡಿಮಿ ಅಂತೀರಿ, ನಮ್ಮ ಕಡೆ ಕಬ್ಬ ಕಡಿಯಾಕ ಮಹಾರಾಷ್ಟ್ರದ ಬೀಡ ಕಡಿಂದ ಗ್ಯಾಂಗ ಬರ್ತಾವ್ರಿ, ಅದ್ರಾಗ ಹೆಣ್ಣಾಳಿಗೆ ಪಗಾರನ ಇಲ್ಲ. ಗಂಡ ಹೇಂತಿ ಕೂಡಿ ಒಂದ 'ಕೊಯ್ತಾ' ಅಂತ ಲೆಕ್ಕ. ಮುಕಾದಮ (ಗ್ಯಾಂಗ ಕರಕೊಂಡ ಬರೋ ಮೇಸ್ತ್ರಿ) ಉಚಲ (ಮುಂಗಡ ರೊಕ್ಕ) ಕೊಡೂದು ಗಂಡನ ಕೈಯಾಗ, ಸಾಲ ತೀರಸೂದು ಇಬ್ಬರೂ. ಆಕಿ ನಸುಕಿನ್ಯಾಗ ಎದ್ದ ರೊಟ್ಟಿ ಬಡದ, ಕೂಸಿನ್ನ ಕಬ್ಬಿನ ಒಣ ರವದಿ ಮ್ಯಾಲ ಮಲಗಿಸಿ, ಗಂಡ ಕಡದ ಕಬ್ಬಿನ ಸೂಡ ಕಟ್ಟಿ, ತಲಿ ಮ್ಯಾಲ ಹೊತ್ತ ಹಲಗಿ ಹತ್ತಿ ಟ್ರ್ಯಾಲಿಗೆ ಏರಸ್ತಾಳ. 2019ರಾಗ ಬೀಡ ಜಿಲ್ಲಾದಾಗ ಭಾಳ ಮಂದಿ ಹೆಣ್ಣಮಕ್ಕಳು ಗರ್ಭಚೀಲ ತಗಸಿಕೊಂಡಾರ ಅಂತ ಸುದ್ದಿ ಬಂತಲ್ಲ, ಅದ್ಯಾಕ ಗೊತ್ತೇನ್ರಿ? ಮುಟ್ಟಾದ್ರ ಒಂದ ದಿನ ಖಾಡೆ, ಅಂದ್ರ ಕೆಲಸ ತಪ್ಪೂದು, ಖಾಡೆ ಆದ್ರ ದಂಡ. ಕಬ್ಬಿನ ಫಡದಾಗ ನೀರಿಲ್ಲ, ಸಂಡಾಸಿಲ್ಲ. ಗ್ಯಾಂಗಿನ ಯಾದಿಯೊಳಗ ಗಂಡನ ಹೆಸರ ಬರೀತಾರ, ಆಕಿದು ಬರ್ಯಂಗಿಲ್ಲ. ಹೆಸರ ಇಲ್ಲದಾಕಿಗೆ ಸಮಾನ ವೇತನ ಎಲ್ಲಿಂದ ಕೊಡ್ತೀರಿ?

ತೀರ್ಥಳ್ಳಿ ಕೊನೆ
ಹೆಸ್ರಿನ ಮಾತು ಬಂತು ಅಂತ ಹೇಳ್ತೀನಿ. 2015-16ರ ಕೃಷಿ ಗಣತೀಲಿ ಇಡೀ ದೇಶದ ಹಿಡುವಳಿದಾರರಲ್ಲಿ ಹೆಂಗಸ್ರು ನೂರಕ್ಕೆ 14ರ ಆಸುಪಾಸು. ಹೊಲದಲ್ಲಿ ಬಗ್ಗಿರೋ ಬೆನ್ನು ಎಣಿಸಿದ್ರೆ ಲೆಕ್ಕ ಉಲ್ಟಾ ಬರುತ್ತೆ. ಪಹಣೀಲಿ ಹೆಸ್ರಿಲ್ಲ ಅಂದ್ರೆ ಪಿಎಂ ಕಿಸಾನ್ 6000 ಇಲ್ಲ, ಬೆಳೆಸಾಲಕ್ಕೂ ಒದ್ದಾಟ. 2026ನ್ನ ವಿಶ್ವಸಂಸ್ಥೆ ರೈತ ಮಹಿಳೆಯರ ವರ್ಷ ಅಂತ ಬೇರೆ ಘೋಷಿಸಿದೆ. ನಮ್ಮನೇಲಿ ಅಮ್ಮಂಗೆ ಹೇಳ್ದೆ, "ಹೌದಾ, ಹಂಗಾದ್ರೆ ಇವತ್ತು ಕೊಟ್ಟಿಗೆ ನೀನೇ ಗುಡ್ಸು" ಅಂದ್ರು.

ಕರಿಕೋಟು
ವಕೀಲ ನಾನು, ಹಾಸನ. ಸಮಾನ ವೇತನ ಕಾಯ್ದೆ ಬಂದಿದ್ದು 1976ರಲ್ಲಿ, ಈಗದು ವೇತನ ಸಂಹಿತೆ ಒಳಗೆ ಸೇರ್ಕೊಂಡಿದೆ. ಒಂದೇ ಥರದ ಕೆಲ್ಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಕೊಡೋ ಹಂಗೇ ಇಲ್ಲ. ಕನಿಷ್ಠ ಕೂಲಿ ಪಟ್ಟೀಲೂ ಗಂಡಾಳು ಹೆಣ್ಣಾಳು ಅಂತ ಎರಡು ಕಾಲಂ ಇಲ್ಲ. ಅಂದ್ರೆ ಕಾಗೆಯವ್ರು ಹೊಸದೇನೋ ಮಾಡ್ತಿಲ್ಲ, ಐವತ್ತು ವರ್ಷ ಲೇಟಾಗಿ ಮಾಡ್ತಿದಾರೆ. ಬೇಜಾರಾಗ್ಬೇಡಿ.

ಇನ್ನೊಂದು. 22 ಎಕರೆ ಅಂದ್ರೆ ಸುಮಾರು 9 ಹೆಕ್ಟೇರ್. 1951ರ ಪ್ಲಾಂಟೇಷನ್ ಲೇಬರ್ ಆಕ್ಟ್ 5 ಹೆಕ್ಟೇರ್ ಮೇಲಿದ್ದು, ಹಿಂದಿನ 12 ತಿಂಗಳಲ್ಲಿ ಯಾವುದಾದ್ರೂ ಒಂದು ದಿನ 15 ಜನ ಕೆಲ್ಸ ಮಾಡಿದ್ರೂ ಸಾಕು ಅಂತಿತ್ತು. ನೀವು ಕುಯ್ಲಿನ ದಿನಾನೇ ದಾಟಿದೀರಿ. ಅದೂ ಈಗ ಹೊಸ ಲೇಬರ್ ಕೋಡ್ ಒಳಗೆ ಹೋಗಿದೆ, ಆದ್ರೆ ಕುಡಿಯೋ ನೀರು, ಗಂಡಸ್ರಿಗೆ ಹೆಂಗಸ್ರಿಗೆ ಬೇರೆ ಬೇರೆ ಟಾಯ್ಲೆಟ್ಟು, ಇರೋಕೆ ಮನೆ, ಈ ಜವಾಬ್ದಾರಿ ಎಲ್ಲೂ ಓಡಿಹೋಗಿಲ್ಲ. ಮತ್ತೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ. ಹತ್ತು ಜನ ಅಥ್ವಾ ಜಾಸ್ತಿ ಇದ್ರೆ ತೋಟದ ಒಳಗೇ ಒಂದು ಸಮಿತಿ ಇರ್ಬೇಕು, ಅದಕ್ಕೆ ಹೆಂಗಸ್ರೇ ಅಧ್ಯಕ್ಷರು. ಕಮ್ಮಿ ಇದ್ರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗ್ಬಹುದು. ದೂರು ಮೂರು ತಿಂಗಳ ಒಳಗೆ ಬರವಣಿಗೇಲಿ ಕೊಡ್ಬೇಕು, ಬರೆಯೋಕೆ ಬರದಿದ್ರೆ ಬರ್ಕೊಡೋದೂ ಸಮಿತಿ ಕೆಲ್ಸ.

ಮರಗಸಿ ಮಾಮ
ತೋಟಕ್ಕೊಂದು ಸಮಿತಿ, ಸಮಿತಿಗೊಂದು ಅಧ್ಯಕ್ಷೆ. ಕಾಫಿ ಯಾವಾಗ ಕುಯ್ಯೋದಪ್ಪ?

ಲೈನ್‌ಮನೆ ಮಗಳು
ಮಾಮ ಅವ್ರೇ, ನಾನು ಹುಟ್ಟಿ ಬೆಳೆದಿದ್ದು ಲೈನ್‌ಮನೇಲಿ. ಯಾವ ಊರು, ಯಾವ ತೋಟ ಅಂತ ಹೇಳಲ್ಲ, ಅಮ್ಮ ಇನ್ನೂ ಅಲ್ಲೇ ಇದಾರೆ. ನಾನೀಗ ಮೈಸೂರಲ್ಲಿ ನರ್ಸು. ಸಮಿತಿ ಅಂದ್ರೆ ನಿಮಗೆ ನಗು ಬರುತ್ತೆ. ನಮ್ಮಲ್ಲಿ ಒಬ್ಬ ರೈಟರ್ ಇದ್ದ. ಅವನ ಕಣ್ಣು ಸರಿ ಇಲ್ಲ ಅಂತ ಎಲ್ಲಾ ಹೆಂಗಸ್ರಿಗೂ ಗೊತ್ತಿತ್ತು, ಆದ್ರೆ ಹಾಜರಿ ಪುಸ್ತಕ ಅವನ ಕೈಲೇ. ಅವನ ಮಾತಿಗೆ ನಗದಿದ್ರೆ ಅವತ್ತು ಅರ್ಧ ಆಳು, ಅಂದ್ರೆ ಅರ್ಧ ದಿನದ ಕೂಲಿ. ಅಮ್ಮ ಯಾರಿಗೆ ಹೇಳ್ಬೇಕಿತ್ತು? ದಣಿಗಳಿಗಾ? ದಣಿಗಳ ಮನೆ ಜಗಲಿ ಹತ್ತೋ ಹಂಗೂ ಇರ್ಲಿಲ್ಲ ನಾವು. ಹತ್ತು ಗಂಟೆ ಕಾಫಿ ಎಲ್ರಿಗೂ ಒಂದೇ ಪಾತ್ರೆಯಿಂದ, ಆದ್ರೆ ನಮ್ಮ ಲೋಟ ಮಾತ್ರ ಹೊರಗಡೆ ಗೋಡೆ ಗೂಡಲ್ಲಿ, ಬೋರಲು ಹಾಕಿ ಇಡೋದು. ನಾವೇ ತಗೋಬೇಕು, ನಾವೇ ತೊಳೆದು ಇಡ್ಬೇಕು. ನಾನು ಆರನೇ ಕ್ಲಾಸಿನವರೆಗೂ ಲೋಟ ಇಡೋ ಜಾಗಾನೇ ಅದು ಅನ್ಕೊಂಡಿದ್ದೆ, ಎಲ್ರ ಮನೇಲೂ ಹಂಗೇ ಅಂತ.

ಕಾಗೆ ಅಣ್ಣ, ಸಂಬಳ ಒಂದೇ ಮಾಡಿ, ತುಂಬಾ ಒಳ್ಳೇದು. ಆದ್ರೆ ನಾಳೆ ಬೆಳಿಗ್ಗೆ ನಿಮ್ಮ ತೋಟದಲ್ಲಿ ಲೋಟ ಎಲ್ಲಿಡ್ತಾರೆ ಅಂತ ಒಂದ್ಸಲ ನೋಡಿ. ಆಮೇಲೆ ಹೆಂಗಸ್ರು ಎಷ್ಟು ನೀರು ಕುಡೀತಾರೆ ನೋಡಿ. ಅಮ್ಮ ಬೆಳಿಗ್ಗೆ ಏಳಕ್ಕೆ ಹೊರಟ್ರೆ ಸಂಜೆವರೆಗೂ ನೀರೇ ಕುಡೀತಿರ್ಲಿಲ್ಲ, ಯಾಕಂದ್ರೆ ಹೋಗೋಕೆ ಜಾಗ ಇಲ್ಲ, ಗಿಡದ ಮರೆಗೆ ಹೋದ್ರೆ ಯಾರಾದ್ರೂ ಬರ್ತಾರೆ, ಜಿಗಣೆ ಬೇರೆ. ಮೂತ್ರದ ಸೋಂಕು ಅಂತ ಆಸ್ಪತ್ರೆಗೆ ಬರೋ ತೋಟದ ಹೆಂಗಸ್ರನ್ನ ನಾನೀಗ ನೋಡ್ತೀನಿ, "ನೀರು ಕುಡೀರಿ ಅಮ್ಮ" ಅಂತ ಡಾಕ್ಟ್ರು ಹೇಳ್ದಾಗ ಅವ್ರು ತಲೆ ಅಲ್ಲಾಡಿಸ್ತಾರೆ. ಕುಡಿಯಲ್ಲ ಅಂತ ನಂಗೊತ್ತು.

ಸುಮ್ನೆ ಓದ್ತೀನಿ
ಇದನ್ನ ಓದಿ ಸುಮ್ನೆ ಕೂತೆ.

ಮರಗಸಿ ಮಾಮ
ತಂಗೀ, ನಮ್ಮ ತೋಟದಲ್ಲಿ ಆ ಥರ ಗೂಡು ಈಗಿಲ್ಲ. ಇತ್ತು. ಇಲ್ಲ ಅಂತ ಸುಳ್ಳು ಹೇಳಲ್ಲ.

ಫ್ರೆಸ್ನೋ ಗೌಡ
ಕ್ಯಾಲಿಫೋರ್ನಿಯಾದಲ್ಲಿದೀನಿ, ಊರು ಅರಕಲಗೂಡು. ಇಲ್ಲಿ ದ್ರಾಕ್ಷಿ, ಬಾದಾಮಿ ತೋಟಗಳ ಪಕ್ಕ ದಿನಾ ಓಡಾಡ್ತೀನಿ. ಕೆಲ್ಸ ಮಾಡೋರು ಬಹುಪಾಲು ಮೆಕ್ಸಿಕೋ ಕಡೆಯವ್ರು. ಇಲ್ಲೇನು ಸ್ವರ್ಗ ಅಲ್ಲ, ಆದ್ರೆ ಒಂದು ನೋಡಿ ಇಷ್ಟ ಆಯ್ತು, ಚಕ್ರದ ಮೇಲೆ ಟಾಯ್ಲೆಟ್. ಸಣ್ಣ ಟ್ರೈಲರ್ ಮೇಲೆ ಎರಡು ಡಬ್ಬ ಥರದ ರೂಮು, ಪಕ್ಕದಲ್ಲಿ ಕೈ ತೊಳೆಯೋ ನೀರು, ಸೋಪು. ಜನ ಯಾವ ಸಾಲಲ್ಲಿ ಇದಾರೋ ಅಲ್ಲಿಗೆ ಪಿಕಪ್‌ಗೆ ಸಿಕ್ಕಿಸಿ ಎಳ್ಕೊಂಡು ಹೋಗ್ತಾರೆ. ಅಮೆರಿಕದಲ್ಲಿ 1987ರಿಂದ ರೂಲ್ಸ್ ಇದೆ, 20 ಜನಕ್ಕೊಂದು, ಕಾಲು ಮೈಲಿ ಒಳಗೇ ಇರ್ಬೇಕು. ಅದಕ್ಕೂ ಮುಂಚೆ ಎಷ್ಟೋ ಕಡೆ ಗಿಡದ ಮರೆನೇ ಗತಿ ಅಂತೆ.

ಕಣದ ಕಾಗೆ
ಗೌಡ್ರೆ ನಮ್ಮ ತೋಟದಲ್ಲಿ ಟ್ರೈಲರ್ ಎಳೆದ್ರೆ ಮೊದಲ ತಿರುವಲ್ಲೇ ಹಳ್ಳಕ್ಕೆ ಹೋಗುತ್ತೆ. ಆದ್ರೆ ಕಣದ ಹತ್ರ ಒಂದು, ಮೇಲಿನ ಬ್ಲಾಕಲ್ಲಿ ಒಂದು ಕಟ್ಟಿಸ್ಬಹುದು. ಲೈನ್‌ಮನೆ ಮಗಳು ಅವ್ರೇ, ಲೋಟ ನೋಡಿ ಬಂದೆ. ಬರೆಯೋಕೆ ನಾಚಿಕೆ ಆಗ್ತಿದೆ.

ಚೀಲದ ಹುಲಿ
ಎಲ್ಲಾ ಸರಿ, ಅಸ್ಸಾಂನವ್ರನ್ನ ಯಾಕೆ ಇಟ್ಕೊಂಡಿದೀರಾ ಮೊದ್ಲು ಹೇಳಿ. ಅರ್ಧ ಜನ ಬಾಂಗ್ಲಾದಿಂದ ಬಂದಿರೋದು. ನಮ್ಮೂರಿನವ್ರಿಗೆ ಕೆಲ್ಸ ಇಲ್ಲ, ಇವ್ರಿಗೆ ಸಮಾನತೆ ಅಂತೆ.

ಕೊಡಗಿನ ಮಳೆ
ಹುಲಿಯವ್ರೇ, ಯಾವ ಲೆಕ್ಕದ ಮೇಲೆ ಅರ್ಧ ಅಂದ್ರಿ? ನಿಮ್ಮೂರಿನವ್ರು ಕೆಲ್ಸಕ್ಕೆ ಬರೋ ಹಾಗಿದ್ರೆ ನಾವ್ಯಾಕೆ ಅಷ್ಟು ದೂರದಿಂದ ಕರೆಸ್ತೀವಿ? ನಮ್ಮೂರ ಹುಡುಗ್ರೆಲ್ಲ ಬೆಂಗ್ಳೂರಲ್ಲಿ ಡೆಲಿವರಿ ಬ್ಯಾಗ್ ಹೊತ್ಕೊಂಡು ಓಡಾಡ್ತಿದಾರೆ, ಅದು ತಪ್ಪಲ್ಲ, ಹಂಗೇ ಇವ್ರೂ. ಗುರುತಿನ ಚೀಟಿ ನೋಡಿ, ಪೊಲೀಸ್ ಸ್ಟೇಷನ್‌ಗೆ ಒಂದು ಪ್ರತಿ ಕೊಟ್ಟು ಕೆಲ್ಸಕ್ಕೆ ಇಟ್ಕೋತೀವಿ. ಅಷ್ಟಾದ್ಮೇಲೂ ಮುಖ ನೋಡಿ ಬಾಂಗ್ಲಾ ಅನ್ನೋದಾದ್ರೆ ಏನು ಮಾಡೋಕಾಗುತ್ತೆ.

ಇನ್ನು ನಮ್ಮವರೇ ಅಂತೀರಲ್ಲ, ಎರವರು, ಜೇನುಕುರುಬರು ಅನ್ನೋ ಆದಿವಾಸಿಗಳು ತಲೆಮಾರುಗಳಿಂದ ನಮ್ಮ ಕೊಡಗಿನ ಲೈನ್‌ಮನೆಗಳಲ್ಲಿದಾರೆ. ಎಷ್ಟೋ ಜನಕ್ಕೆ ಸ್ವಂತ ಮನೆ ವಿಳಾಸಾನೇ ಇಲ್ಲ, ತೋಟ ಬಿಟ್ರೆ ಸೂರೂ ಹೋಯ್ತು. ಅವ್ರ ಬಗ್ಗೆ ಯಾವತ್ತಾದ್ರೂ ಬರೆದಿದೀರಾ?

ಚೀಲದ ಹುಲಿ
ನಾನು ಎಲ್ರೂ ಅಂದಿಲ್ಲ.

ಕೊಡಗಿನ ಮಳೆ
ಅರ್ಧ ಅಂದ್ರಿ.

ಆಲೂರು ಆನೆ
ಜಗಳ ಬಿಡಿ, ಒಂದು ಮುಖ್ಯ ವಿಷ್ಯ. ನಮ್ಮ ಕಡೆ ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತೆ, ರಸ್ತೆ ಪಕ್ಕ ಬೋರ್ಡಲ್ಲೂ ಹಾಕ್ತಾರೆ. ಕನ್ನಡದಲ್ಲಿ. ಹೊರಗಿಂದ ಬಂದ ಕೆಲಸದವ್ರಿಗೆ ಅದು ಓದೋಕೆ ಬರಲ್ಲ. ಒಂದಿನ ಬೆಳಿಗ್ಗೆ ಆರೂವರೆಗೆ ಒಂದು ಹುಡುಗಿ ಹಾಲು ತರೋಕೆ ಅದೇ ದಾರೀಲಿ ಹೊರಟಿದ್ಲು, ನಾನು ಜೀಪಲ್ಲಿ ಅಡ್ಡ ಹೋಗಿ ನಿಲ್ಲಿಸ್ದೆ. ಅವ್ಳ ಫೋನಲ್ಲೂ ಮೆಸೇಜ್ ಬಂದಿತ್ತು, ಬ್ಯಾಂಕಿಂದು ಅನ್ಕೊಂಡಿದ್ಲಂತೆ. ಈಗ ಏನ್ ಮಾಡಿದೀವಿ ಅಂದ್ರೆ, ಆನೆ ಬಂತು ಅಂದ್ರೆ ವಾಟ್ಸಾಪ್ ಗ್ರೂಪಲ್ಲಿ ಒಬ್ಬ ಹುಡುಗ ಅವ್ರ ಭಾಷೇಲೇ ವಾಯ್ಸ್ ಹಾಕ್ತಾನೆ, ಜೊತೆಗೆ ಆನೆ ಚಿತ್ರ, ಬ್ಲಾಕ್ ನಂಬರು. ಔಷಧಿ ಹೊಡೆಯೋ ದಿನಾನೂ ಹಿಂಗೇ ಮಾಡ್ಬೇಕು, ಡಬ್ಬದ ಮೇಲಿರೋದನ್ನ ನಮ್ಮವ್ರೇ ಓದಲ್ಲ.

ಬಿಳಿಜೋಳ
ಬ್ಯಾಂಕಿನ ಮೆಸೇಜ ಆನಿಗಿಂತ ಡೇಂಜರ ಬಿಡ್ರಿ.

ದೋಟಿ ರಾಜ
ಪುತ್ತೂರಿಂದ. ಮರ ಹತ್ತೋದು ಗಂಡಸ್ರ ಕೆಲಸ ಅಂತ ಮಾಮ ಹೇಳಿದ್ರಲ್ಲ, ಅಡಿಕೆಲೂ ಹಾಗೆಯೇ ಇತ್ತು. ಮರ ಹತ್ತಿ ಕೊನೆ (ಅಡಿಕೆ ಗೊನೆ) ಇಳಿಸುವ ಕೊನೆಗಾರ ಸಿಗದೆ ಅಡಿಕೆ ಹಣ್ಣಾಗಿ ಉದುರಿದ ವರ್ಷಗಳುಂಟು. ಈಗ ಕಾರ್ಬನ್ ಫೈಬರಿನ ಉದ್ದ ಕೋಲು, ದೋಟಿ ಬಂದಿದೆ, ನೆಲದಲ್ಲೇ ನಿಂತು ಕೊನೆ ತೆಗೆಯುದು, ಮದ್ದು ಬಿಡುದು. ನನ್ನ ಹೆಂಡತಿ ನನಗಿಂತ ಚಂದ ಹಿಡಿತಾಳೆ, ಯಾಕಂದ್ರೆ ಅವಳು ಶಿಬಿರಕ್ಕೆ ಹೋಗಿ ಕಲಿತದ್ದು, ನಾನು ನನಗೆ ಗೊತ್ತುಂಟು ಅಂತ ಹೋಗ್ಲಿಲ್ಲ. ಕತ್ತು ನೋವು ಬಂದದ್ದು ನನಗೆ. ಕೇರಳದಲ್ಲಿ 2011ರಿಂದ ತೆಂಗು ಅಭಿವೃದ್ಧಿ ಮಂಡಳಿಯವ್ರು ಯಂತ್ರ ಕಟ್ಟಿ ತೆಂಗಿನಮರ ಹತ್ತುದು ಕಲಿಸಿದ್ರು, ಹೆಂಗಸರೂ ಕಲಿತ್ರು. ಹಾಗಾಗಿ ರೇಟ್ ಕೆಲಸಕ್ಕೆ ಕಟ್ಟಿದ್ರೆ ಮಾತ್ರ ಸಾಲದು ಮಾರಾಯ್ರೆ, ಜಾಸ್ತಿ ರೇಟಿನ ಕೆಲಸ ಯಾರಿಗೆ ಕಲಿಸ್ತೀರಿ ಅಂತಲೂ ನೋಡ್ಬೇಕು. ಇಲ್ಲದಿದ್ರೆ ಮಿಷನ್ ಎಲ್ಲ ಗಂಡಸರ ಕೈಗೆ, ಬುಟ್ಟಿ ಎಲ್ಲ ಹೆಂಗಸರ ತಲೆಗೆ.

ತೀರ್ಥಳ್ಳಿ ಕೊನೆ
ಕೊನೇ ಸಾಲು ಸರಿಯಾಗಿ ಹೇಳಿದ್ರಿ. ನಮ್ಮಲ್ಲಿ ವೀಡ್ ಕಟರ್ ಬಂದ್ಮೇಲೆ ಕತ್ತಿ ಹಿಡಿದು ಕಳೆ ಕೊಚ್ತಿದ್ದ ಹೆಂಗಸ್ರಿಗೆ ಕೆಲ್ಸಾನೇ ಹೋಯ್ತು. ಮಿಷನ್ ಹಿಡಿಯೋನಿಗೆ ದಿನಕ್ಕೆ ಸಾವಿರದ ಮೇಲೆ.

ಟೊಮೊಟೊ ಕೋಲಾರ
ನಮ್ಮ ಪಾಲಿಹೌಸಲ್ಲಿ ಕಿವಿ ಕೇಳ್ದೇ ಇರೋ, ಮಾತಾಡ್ದೇ ಇರೋ ಹುಡುಗ ಒಬ್ಬ ಇದಾನೆ, ಗ್ರೇಡಿಂಗ್ ಮಾಡೋಕೆ. ಮೊದ್ಲು ಬೇಡ ಅಂದಿದ್ದೆ, ಗಾಡಿ ಹಿಂದೆ ತಗೊಂಬಂದ್ರೆ ಕೇಳ್ಸಲ್ಲ ಅಂತ. ಅವ್ರಮ್ಮ ಬಿಡ್ಲಿಲ್ಲ. ಈಗ ಗಾಡಿ ಬರೋ ದಾರಿ ಬೇರೆ ಮಾಡಿ, ಅವ್ನು ಕೂರೋ ಕಡೆ ಎದ್ರಿಗೆ ಲೈಟ್ ಹಾಕಿದೀವಿ, ಗಾಡಿ ಬಂದ್ರೆ ಹತ್ಕೊಳ್ಳತ್ತೆ. ಬಣ್ಣ ನೋಡೋದ್ರಲ್ಲಿ ಅವ್ನ್ನ ಮೀರ್ಸೋರಿಲ್ಲ, ಮಂಡೀಲಿ ನಮ್ ಬಾಕ್ಸ್ ಬಿಚ್ಚಿ ನೋಡ್ದೆ ಹರಾಜು ಕೂಗ್ತಾರೆ. ಬೆಲೆ ಇದ್ರೆ. ಬೆಲೆ ಇಲ್ದೇ ಇದ್ರೆ ರೋಡಿಗೆ ಸುರಿಯೋದೇ.

ಸುಮ್ನೆ ಓದ್ತೀನಿ
ಬಾಕ್ಸ್ ಎಷ್ಟು ಈಗ?

ಟೊಮೊಟೊ ಕೋಲಾರ
ಕೇಳ್ಬೇಡಣ್ಣ.

ಲೈನ್‌ಮನೆ ಮಗಳು
ಕೂಸುಗಳ ವಿಷ್ಯ ಯಾರೂ ಹೇಳ್ಲಿಲ್ಲ. ಹಳೇ ಕಾನೂನಲ್ಲಿ 50 ಹೆಂಗಸ್ರಿದ್ರೆ ಶಿಶುವಿಹಾರ ಅಂತಿತ್ತು, ಸಣ್ಣ ತೋಟಗಳಿಗೆ ಅನ್ವಯಿಸಲ್ಲ. ಮೂರ್ನಾಲ್ಕು ತೋಟ ಸೇರಿ ಒಂದು ಮನೆ ಮಾಡಿ, ವಯಸ್ಸಾಗಿ ಗುಡ್ಡ ಹತ್ತೋಕಾಗದ ಅಜ್ಜಿ ಒಬ್ರಿಗೆ ಸಂಬಳ ಕೊಟ್ಟು ನೋಡ್ಕೊಳ್ಳೋಕೆ ಇಟ್ರೆ ಆಗಲ್ವಾ? ನನ್ನ ತಮ್ಮನ್ನ ಗಿಡದ ರೆಂಬೆಗೆ ಸೀರೆ ಕಟ್ಟಿ ತೂಗಿ ಹಾಕ್ತಿದ್ರು, ನಾನು ಸ್ಕೂಲ್ ಬಿಟ್ಟು ಕಾಯ್ತಿದ್ದೆ. ಎರಡು ಕುಯ್ಲು ಹಂಗೇ ಹೋಯ್ತು.

ಮರಗಸಿ ಮಾಮ
ಅಜ್ಜಿ ಐಡಿಯಾ ಚೆನ್ನಾಗಿದೆ. ನಮ್ಮಲ್ಲಿ ಅಂಥೋರು ಇಬ್ರಿದಾರೆ, ಕೆಲ್ಸಕ್ಕೆ ಬರ್ಬೇಡಿ ಅಂದ್ರೆ ಅಳ್ತಾರೆ, ಬಂದ್ರೆ ಕೂತ್ಕೋತಾರೆ. ಪಕ್ಕದ ತೋಟದೋರ ಹತ್ರ ಮಾತಾಡಿ ನೋಡ್ತೀನಿ. ಸಂಬಳದ ವಿಷ್ಯದಲ್ಲಿ ನನ್ನ ಮಾತು ಇನ್ನೂ ಅದೇ, ಒಂದೇ ಸಲ ಬೇಡ.

ಕರಿಕೋಟು
ಮಾಮ, ಐವತ್ತು ವರ್ಷ.

ಕಣದ ಕಾಗೆ
ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕಲ್ಲ. ದಿನಗೂಲಿ ಎಲ್ರಿಗೂ 560 ಮಾಡ್ದೆ, ಖಾಯಂ ಗಂಡಾಳುಗಳಿಗೆ ಈಗಿರೋ 600 ಇಳ್ಸಿಲ್ಲ, ಅವ್ರ ಮಟ್ಟಕ್ಕೆ ಹೆಂಗಸ್ರದ್ದು ಮುಂದಿನ ಕುಯ್ಲಿಗೆ ತರ್ತೀನಿ ಅಂತ ಬರೆದು ಕಣದ ಗೋಡೆಗೆ ಅಂಟಿಸಿದೀನಿ. ಇದು ಪೂರ್ತಿ ನ್ಯಾಯ ಅಲ್ಲ ಅಂತ ಗೊತ್ತು, ಕರಿಕೋಟು ಅವ್ರು ಬೈಯೋದಿದ್ರೆ ಬೈರಿ. ಮರಗಸಿ, ಔಷಧಿ, ಮಿಷನ್ ಕೆಲ್ಸಕ್ಕೆ ಮೇಲೆ ಬೇರೆ ರೇಟ್, ಯಾರು ಮಾಡಿದ್ರೂ. ಒಬ್ಬ ಗಂಡಾಳು ಮುನಿಸ್ಕೊಂಡು ಎರಡು ದಿನ ಬರ್ಲಿಲ್ಲ. ಮೂರನೇ ದಿನ ಬಂದ, ಅವನ ಹೆಂಡ್ತಿನೂ ನಮ್ಮಲ್ಲೇ ಕೆಲ್ಸ ಮಾಡೋದು, ಮನೆಗೆ ಬರೋ ದುಡ್ಡು ಜಾಸ್ತಿ ಆಯ್ತಲ್ಲ ಅಂತ ಅವಳೇ ಲೆಕ್ಕ ಹೇಳಿ ಕಳ್ಸಿದ್ಲಂತೆ.

ವೀಡ್ ಕಟರ್ ಕಲಿಯೋಕೆ ಇಬ್ರು ಮುಂದೆ ಬಂದ್ರು, ಒಬ್ರು ಆ ಗೊಬ್ರದ ಅಕ್ಕ. ಬೆಲ್ಟು ಎಷ್ಟು ಬಿಗಿ ಮಾಡಿದ್ರೂ ಸೊಂಟದಿಂದ ಜಾರುತ್ತೆ, ಆರಡಿ ಗಂಡಸಿಗೆ ಅಂತ ಮಾಡಿರೋದು. ಅಂಗಡೀಲಿ ಸಣ್ಣ ಸೈಜ್ ಕೇಳ್ದೆ, ಅವ್ನು ನನ್ನ ಮುಖ ನೋಡಿ ನಕ್ಕ. ಕೊನೆಗೆ ಟೈಲರ್ ಹತ್ರ ಹೊಲಿಸ್ಕೊಂಡು ಬಂದ್ವಿ. ಲೋಟಗಳು ಈಗ ಎಲ್ಲಾ ಒಂದೇ ಬುಟ್ಟೀಲಿ, ಅಡುಗೆಮನೆ ಕಟ್ಟೆ ಮೇಲೆ. ಅಮ್ಮ ನಂಜೊತೆ ನಾಲ್ಕು ದಿನ ಮಾತು ಬಿಟ್ಟಿದ್ರು.

ಟಾಯ್ಲೆಟ್ ಒಂದು ಮುಗೀತು, ಕಣದ ಹತ್ರದ್ದು. ಟೈಲ್ಸ್ ಎಲ್ಲ ಹಾಕ್ಸಿ, ನೀರಿನ ಟ್ಯಾಂಕ್ ಇಟ್ಟು ಖುಷೀಲಿದ್ದೆ. ಒಂದು ವಾರ ಆದ್ರೂ ಯಾರೂ ಹೋಗ್ತಿಲ್ಲ. ಕೇಳಿದ್ರೆ "ಹೋಗ್ತೀವಿ ಬಿಡಿ ಸಣ್ಣಯ್ಯ" ಅಂತಾರೆ, ಹೋಗಲ್ಲ. ನಿನ್ನೆ ಗೊತ್ತಾಯ್ತು. ಗಲೀಜು ಆಗುತ್ತೆ ಅಂತ ಅಪ್ಪ ಬೀಗ ಹಾಕ್ಸಿದಾರೆ, ಬೀಗದ ಕೈ ರೈಟರ್ ಜೇಬಲ್ಲಿ.

ಲೈನ್‌ಮನೆ ಮಗಳು
ಬೀಗದ ಕೈ ಇವತ್ತೇ ಈಸ್ಕೊಂಡು ಆ ಅಕ್ಕನ ಕೈಗೆ ಕೊಡಿ. ಒಳಗಡೆ ಚಿಲಕ ಇದೆಯಾ ನೋಡಿ.

ಕಣದ ಕಾಗೆ
ಚಿಲಕ ಹೊರಗಡೆ ಮಾತ್ರ ಹಾಕಿದಾನೆ ಗಾರೆಯವನು. ಪೇಟೆಗೆ ಹೊರಟೆ.